ಪ್ಲಾಟ್‌ಫಾರ್ಮ್ ಐದು

“ಭಾನುವಾರ, ಒಂಬತ್ತೂವರೆ. ಪ್ಲಾಟ್‌ಫಾರ್ಮ್ ಐದು,” ಹೆಂಡತಿ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. “ಕೋಚ್ ಬಂದ ಮೇಲೇ ಹತ್ತೋದು. ಒಂದ್ಸಲ ಹತ್ತಿದೆ ಅಂದ್ರೆ ವಾಪಸ್ ಇಳಿಯೋ ಮಾತಿಲ್ಲ. ಏನು, ಇವರಿಗೆ ಹೇಳೋದಾ? ಗೊತ್ತಾದ್ರೆ ಕಾಲು ಕಟ್ಟಿ ಕೂರಿಸ್ತಾರೆ.”

ಬಚ್ಚಲುಮನೆಯ ಬಾಗಿಲ ಹಿಂದೆ ಟಿಕೆಟ್ ಮಾವ ಹಲ್ಲುಜ್ಜುವುದನ್ನು ನಿಲ್ಲಿಸಿದರು.

ಬೀದಿಯವರು ಅವರಿಗಿಟ್ಟ ಹೆಸರೇ ಅದು. ಮೂವತ್ತಾರು ವರ್ಷ ರೈಲಿನಲ್ಲಿ ಜನರ ಟಿಕೆಟ್ ನೋಡಿ ನಿವೃತ್ತರಾದ ಮನುಷ್ಯ. ಟಿಕೆಟ್ಟಿಲ್ಲದವನನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದರು. ಅಂಥವರ ಮೂಗಿನಡಿಯಲ್ಲೇ ಹೆಂಡತಿ ಮನೆ ಬಿಟ್ಟು ಹೋಗುವ ಏರ್ಪಾಟು ಮಾಡಿಕೊಂಡಿದ್ದಳು.

ಬೇರೆ ಅರ್ಥ ಹುಡುಕೋಣವೆಂದರೆ ಮಾವನಿಗೆ ಪ್ಲಾಟ್‌ಫಾರ್ಮ್ ಎಂಬ ಪದದ ಬೇರೆ ಅರ್ಥಗಳ ಮೇಲೆ ಗೌರವವಿರಲಿಲ್ಲ. ಮಗಳು ದಪ್ಪ ಅಟ್ಟೆಯ ಚಪ್ಪಲಿಗೂ ಪ್ಲಾಟ್‌ಫಾರ್ಮ್ ಎನ್ನುತ್ತಿದ್ದಳು. ಅಳಿಯ ಕಂಪ್ಯೂಟರಿನಲ್ಲಿ ಸಾಮಾನು ಮಾರುವ ಜಾಗಕ್ಕೂ ಅದನ್ನೇ ಹೇಳುತ್ತಿದ್ದ. “ರೈಲು ಬಾರದ್ದು ಎಂಥ ಪ್ಲಾಟ್‌ಫಾರ್ಮು?” ಎಂದು ಮಾವ ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದರು.

ಈಗ ಎಲ್ಲವೂ ತಾಳೆಯಾಯಿತು. ಎರಡು ತಿಂಗಳಿಂದ ವಾರಕ್ಕೆರಡು ಸಲ ಅವಳು “ಅಕ್ಕನ ಮನೆಗೆ” ಹೋಗುತ್ತಿದ್ದಳು. ಬರುವಾಗ ಕಣ್ಣುಗಳು ಕೆಂಪಗಿರುತ್ತಿದ್ದವು, ಅತ್ತು ಮುಖ ತೊಳೆದಂತೆ ಮುಂಗೂದಲು ಒದ್ದೆಯಾಗಿರುತ್ತಿತ್ತು. ಚೀಲದಿಂದ ಬ್ಲೀಚಿಂಗ್ ಪುಡಿಯ ವಾಸನೆ. ಆ ವಾಸನೆ ಮಾವನಿಗೆ ಹೊಸದೇ? ದಿನಾ ಬೆಳಿಗ್ಗೆ ನಿಲ್ದಾಣ ತೊಳೆಯುವುದು ಅದರಲ್ಲೇ. ಪಾಪ, ಅಲ್ಲಿಗೆ ಹೋಗಿ, ಹತ್ತಲು ಧೈರ್ಯ ಸಾಲದೆ, ಅತ್ತು ವಾಪಸಾಗುತ್ತಿದ್ದಳು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೆನಪು ಬಂತು. ಮದುವೆಯಾದ ಹೊಸದರಲ್ಲಿ ಅವಳು ಸೈಕಲ್ ಕಲಿಯುತ್ತೇನೆ ಎಂದಿದ್ದಳು. “ಬಿದ್ದರೆ?” ಎಂದಿದ್ದರು ಮಾವ. ಬೆಟ್ಟ ಹತ್ತೋಣ ಎಂದಾಗಲೂ “ಬಿದ್ದರೆ?” ತಾವು ಮಾತ್ರ ಓಡುವ ರೈಲಿನಲ್ಲಿ ದೇಶವೆಲ್ಲ ಸುತ್ತಿದ್ದರು. ಅವಳು ಕೇಳುವುದನ್ನೇ ಬಿಟ್ಟಿದ್ದಳು. ಅದನ್ನು ಮಾವ ನೆಮ್ಮದಿ ಎಂದುಕೊಂಡಿದ್ದರು.

ಶನಿವಾರ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು. “ನಾಳೆ ಎಲ್ಲಾದ್ರೂ ಹೋಗೋಣ್ವಾ, ಇಬ್ರೂ?”

ಅವಳ ಕೈಯ ತುತ್ತು ಅರ್ಧಕ್ಕೆ ನಿಂತಿತು. “ನಾಳೆ ಬೇಡ. ನಂಗೆ ಕೆಲಸ ಇದೆ.”

“ಏನು ಕೆಲಸ?”

“ಎಷ್ಟೋ ವರ್ಷದಿಂದ ಮಾಡ್ಬೇಕು ಅಂದ್ಕೊಂಡಿದ್ದು,” ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಮಾವ ಅಲ್ಲೇ ನಿರ್ಧರಿಸಿದರು. ತಡೆಯುವ ಮುಖ ತಮಗಿಲ್ಲ. ಅವಳು ಓಡಿಹೋಗುವುದಾದರೆ ತಾವೂ ಜೊತೆಗೆ ಓಡಿಹೋಗುವುದು.

ಭಾನುವಾರ ಎಂಟು ಗಂಟೆಗೆ ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಮಾವ ಎರಡು ಅಂಗಿ, ಬಿ.ಪಿ. ಮಾತ್ರೆ, ಅವಳು ಮರೆತಿರಬಹುದೆಂದು ಅವಳ ಶಾಲು, ಇಷ್ಟನ್ನು ಪೆಟ್ಟಿಗೆಗೆ ತುಂಬಿ ನಿಲ್ದಾಣ ಮುಟ್ಟಿದರು.

ಟಿಕೆಟ್ ಕೊಡುವವನು ಹಳೆಯ ಪರಿಚಯದವನು. “ಎಲ್ಲಿಗೆ ಸರ್?”

“ಐದನೇ ಪ್ಲಾಟ್‌ಫಾರ್ಮಿನ ಒಂಬತ್ತೂವರೆ ಗಾಡಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ.”

“ಅದು ಸಮುದ್ರದವರೆಗೂ ಹೋಗುತ್ತೆ. ವಾಪಸ್ ಟಿಕೆಟ್ಟೂ ಕೊಡ್ಲಾ?”

“ಅದನ್ನ ನಮ್ಮನೆಯವಳನ್ನ ಕೇಳ್ಬೇಕು.”

ಗಾಡಿ ಆಗಲೇ ಬಂದು ನಿಂತಿತ್ತು. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಯವರೆಗೆ ಅವಳಿಲ್ಲ. ಅಂದರೆ ಹತ್ತಿಬಿಟ್ಟಿದ್ದಾಳೆ. ಮಾವನೂ ಹತ್ತಿದರು. ಒಂದೊಂದೇ ಬೋಗಿ ದಾಟುತ್ತ ಎಡಕ್ಕೆ, ಬಲಕ್ಕೆ ಕಣ್ಣು ಹಾಯಿಸಿದರು. ಆ ನಡಿಗೆ, ಆ ನೋಟಕ್ಕೆ ಪ್ರಯಾಣಿಕರು ತಾವಾಗಿಯೇ ಟಿಕೆಟ್ ತೆಗೆದು ಚಾಚಿದರು. ಒಬ್ಬ ಮಾತ್ರ ಎದ್ದು ಶೌಚಾಲಯ ಸೇರಿ ಅಗುಳಿ ಹಾಕಿಕೊಂಡ. ಬೇರೆ ದಿನವಾಗಿದ್ದರೆ ಮಾವ ಅವನನ್ನು ಬಿಡುತ್ತಿರಲಿಲ್ಲ.

ಏಳನೇ ಬೋಗಿಯ ಕಿಟಕಿಯ ಬಳಿ ಅದೇ ನರೆತ ತುರುಬು, ಅದೇ ಇಳಿಜಾರು ಹೆಗಲು. ಮಾವ ಹಿಂದಿನಿಂದ ಬಾಗಿ ಹೇಳಿದರು. “ತಪ್ಪಾಯ್ತು ಕಣೇ. ನೀನು ಎಲ್ಲಿಗೆ ಹೋದ್ರೂ ನಾನೂ ಬರ್ತೀನಿ.”

ಅಪರಿಚಿತ ಹೆಂಗಸೊಬ್ಬರು ತಿರುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಪರ್ಸಿನಿಂದ ಟಿಕೆಟ್ ತೆಗೆದು ತೋರಿಸಿದರು.

ಅಷ್ಟರಲ್ಲಿ ಗಾಡಿ ಹೊರಟಿತು. ಇನ್ನು ಎರಡೂವರೆ ಗಂಟೆ ಎಲ್ಲೂ ನಿಲ್ಲುವುದಿಲ್ಲವೆಂಬುದು ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಗಳು.

“ಅಪ್ಪಾ, ಎಲ್ಲಿದ್ದೀರಿ? ಬೇಗ ಈಜುಕೊಳಕ್ಕೆ ಬನ್ನಿ. ಅರವತ್ತು ದಾಟಿದವರ ಡೈವಿಂಗ್ ಸ್ಪರ್ಧೆ ಶುರುವಾಯ್ತು. ಅಮ್ಮ ಐದು ಮೀಟರ್ ಪ್ಲಾಟ್‌ಫಾರ್ಮ್ ಹತ್ತಿ ತುದೀಲಿ ನಿಂತಿದ್ದಾಳೆ, ಕೋಚ್ ಕೆಳಗಿಂದ ಕೈ ಮಾಡ್ತಿದ್ದಾರೆ. ಅಗೋ, ಹಾರಿದ್ಲು.”

ದೊಡ್ಡದೊಂದು ದುಡುಂ. ಚಪ್ಪಾಳೆ. ಮಾವ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ಏದುಸಿರಿನ ದನಿ ಕೇಳಿತು. ನಲವತ್ತು ವರ್ಷದಲ್ಲಿ ಅಷ್ಟು ಖುಷಿಯ ದನಿಯನ್ನು ಅವರು ಕೇಳಿರಲಿಲ್ಲ. “ಹಾರಿಬಿಟ್ಟೆ ಕಣ್ರೀ. ಏನೂ ಆಗ್ಲಿಲ್ಲ. ನೀವೆಲ್ಲಿದ್ದೀರಿ? ಅದೇನು ಸದ್ದು?”

“ರೈಲು,” ಎಂದರು ಮಾವ. “ಪೆಟ್ಟಿಗೆ ಸಮೇತ ಬಂದ್ಬಿಟ್ಟಿದ್ದೀನಿ. ಆಮೇಲೆ ಹೇಳ್ತೀನಿ.”

ಕಿಟಕಿಯ ಬಳಿಯ ಹೆಂಗಸಿಗೆ ಈ ಮುದುಕನ ಮೇಲೆ ಕನಿಕರ ಹುಟ್ಟಿತ್ತು. ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು, ಗಟ್ಟಿಯಾಗಿ, ಅಕ್ಕರೆಯಿಂದ ಕರೆದರು. “ನಿಂತೇ ಇದ್ದೀರಲ್ಲ, ಬನ್ನಿ, ನನ್ನ ಪಕ್ಕ ಕೂತ್ಕೊಳ್ಳಿ.”

ಫೋನಿನ ಆ ಕಡೆ ಏದುಸಿರು ಒಮ್ಮೆಲೇ ನಿಂತಿತು.

“ಯಾರ್ರೀ ಅವಳು?”