ಉಳಿದ ಹಾಡುಗಳ ಆಲ್ಬಮ್

ಮಾರೆಪ್ಪನನ್ನು ಮುಖಗವಸಿಲ್ಲದೆ ಮ್ಯಾನ್‌ಹೋಲಿಗೆ ಇಳಿಸಿದರು. ಅವನು ಜೀವಂತ ಮೇಲೆ ಬರಲಿಲ್ಲ. ಇಳಿಸಿದವರ ಮೇಲೆ ಕೇಸು ನಡೆದಿದೆ, ಅವನ ತಂಗಿಯೇ ಸಾಕ್ಷಿ.

ಆ ತಂಗಿ ಹುಲಿಗೆಮ್ಮ ರಾಕ್ ಬ್ಯಾಂಡಿನಲ್ಲಿ ಹಾಡುತ್ತಾಳೆ. ಹಾಡು ಬಿಡುಗಡೆಯಾದರೆ ಅದರಲ್ಲಿರುವವರು ಹಾಡಿದವರ ನೆನಪಿನಿಂದ ಅಳಿಸಿಹೋಗುವ ಕಾಲವಿದು. ಮೊದಲ ಆಲ್ಬಮ್ಮಿನಲ್ಲಿ ಅವ್ವನ ಕುರಿತ ಹಾಡಿತ್ತು. ಅಂದಿನಿಂದ, ಬೆಳಿಗ್ಗೆ ಚಹಾ ಕೊಡುವ ಅವ್ವನಿಗೆ ಹುಲಿಗೆಮ್ಮ "ನಮಸ್ಕಾರ್ರೀ" ಎನ್ನುತ್ತಾಳೆ.

ಈಗ ರೆಕಾರ್ಡಿಂಗ್ ಕಂಪನಿ, ಬಿಡುಗಡೆಯಾಗದೆ ಉಳಿದ ಹಾಡುಗಳ ಆಲ್ಬಮ್ ತರುತ್ತಿದೆ. ಡ್ರಮ್ ಬಾರಿಸುವ ಯಂಕೋಬ ಕೈಚಾಚಿದ.

"ಮಾರೆಪ್ಪನ ಮ್ಯಾಲ ನೀ ಹಾಡಿದ ಟೇಪ್ ಕೊಡು, ಹುಲಿಗಿ. ಊರೆಲ್ಲಾ ಅವನ ಹಾಡು ಕೇಳ್ತದ. ನಿನಗೂ ಸಂಕಟ ತಪ್ತದ."

"ನಿನಗೇನೋ, ಬಾರಿಸಿದೋರಿಗೆ ಏನೂ ಮರೆಯಂಗಿಲ್ಲ."

"ಕಂಪನಿಯೋರು ಹೊರಗ ಕಾಯಾಕತ್ತಾರ. ಕೊಡು ಅಂದ್ರ ಕೊಡು!"

ಹುಲಿಗೆಮ್ಮ ಟೇಪನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ನಾಳೆ ಕೋರ್ಟಿನ್ಯಾಗ ಮಾರೆಪ್ಪ ಯಾರು ಅಂತ ಕೇಳಿದ್ರ, ಗೊತ್ತಿಲ್ರೀ ಅನ್ಲೇನು? ಕೊಡಂಗಿಲ್ಲ, ಹೋಗು."