ಕಂಪನಿಯ ಸ್ವತ್ತು

ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಗದಗಿನ ಇಂದುಮತಿ ತನ್ನ ಮುಖವನ್ನು ಧಾರಾವಾಹಿ ಕಂಪನಿಯೊಂದಕ್ಕೆ ಮೂವತ್ತು ವರ್ಷಕ್ಕೆ ಬರೆದುಕೊಟ್ಟಿದ್ದಳು. ಆಗ ನಟಿಯರೆಲ್ಲ ಹಾಗೇ ಮಾಡುತ್ತಿದ್ದರು. ಈಗ ಅವಳಿಗೆ ನಲವತ್ಮೂರು. ಎಲ್ಲಿ ಆಡಿಷನ್ನಿಗೆ ಹೋದರೂ ಬಾಗಿಲಲ್ಲಿದ್ದ ಯಂತ್ರ ಅವಳ ಗುರುತು ಹಿಡಿದು, ಈ ಮುಖ ಬೇರೆಯವರದು ಎಂದು ಹೊರಗೆ ಕಳಿಸುತ್ತಿತ್ತು.

ಕೊನೆಗೆ ಆ ಕಂಪನಿಯವರೇ ತಾಯಿಯ ಪಾತ್ರಕ್ಕೆಂದು ಕರೆಸಿದರು. ಮ್ಯಾನೇಜರ್ ಪ್ರಭಂಜನ ಯಾರೋ ಮುದುಕಿಯ ಮುಖದ ತೆಳುವಾದ ಪೊರೆಯೊಂದನ್ನು ಅವಳ ಕೈಗಿಟ್ಟ. "ಇದನ್ನ ಹಾಕ್ಕೊಳ್ಳಿ ಅಕ್ಕ. ನಿಮ್ಮದು ಬೇರೆ ಪಾತ್ರಕ್ಕೆ ಹೋಗಿದೆ, ತೋರ್ಸೋ ಹಾಗಿಲ್ಲ."

ಅಷ್ಟರಲ್ಲಿ ಮಗಳ ಪಾತ್ರದ ಹುಡುಗಿ ಬಂದು ಎದುರಿಗೆ ನಿಂತಳು. ಅವಳು ತೊಟ್ಟಿದ್ದದ್ದು ಇಂದುಮತಿಯ ಇಪ್ಪತ್ನಾಲ್ಕರ ಮುಖ. ಒಂದು ಸುಕ್ಕೂ ಇಲ್ಲದೆ ಅದು ನಗುತ್ತಿತ್ತು. ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ಕಪಾಳಕ್ಕೆ ಬಾರಿಸಲು ಕೈ ಎತ್ತಿದಳು.

"ಹೊಡೀಬೇಡಿ ಅಕ್ಕ," ಪೊರೆಯೊಳಗಿಂದ ಹುಡುಗಿ ಪಿಸುಗುಟ್ಟಿದಳು. "ನನ್ನ ಮುಖ ಯಾರಿಗೂ ಬೇಡ್ವಂತೆ."

ಎತ್ತಿದ ಕೈ ಹುಡುಗಿಯ ಗದ್ದದ ಕೆಳಗೆ ಹೋಯಿತು. ಇಂದುಮತಿ ಪೊರೆಯನ್ನು ನೋವಾಗದಂತೆ ಸುಲಿದು ತೆಗೆದಳು. ಒಳಗೆ ಮೊಡವೆಯ, ಬೆವೆತ, ಕಪ್ಪನೆಯ ಮುಖವೊಂದಿತ್ತು. "ಚಲೋ ಅದಿ ಬಿಡವಾ," ಎಂದು ಅದನ್ನು ಸೆರಗಿನಿಂದ ಒರೆಸಿದಳು.

"ಅದು ಕಂಪನಿ ಸ್ವತ್ತು. ಪೊಲೀಸ್‌ಗೆ ಹೇಳ್ಬೇಕಾಗುತ್ತೆ," ಎಂದ ಪ್ರಭಂಜನ.

ಇಂದುಮತಿ ಪೊರೆಯನ್ನು ಕರವಸ್ತ್ರದಂತೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಹೇಳ್ರಿ. ಏನ್ ಕದ್ದಾಳ ಅಂತ ಅವರು ಕೇಳ್ತಾರ. ಇಂದುಮತಿ ತನ್ನ ಮುಖಾನ ತಾನ ಕದ್ದಾಳ ಅಂತ ಬರಸ್ರಿ."