ರೋಹಿತನ ಎಲೆ

ಶೇಖರ ಮಾವ ಬ್ರಾಂದಿ ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ವಿಜೇತಾ ಬಾಳೆಲೆಯ ಪಕ್ಕದಲ್ಲಿದ್ದ ಗ್ಲಾಸನ್ನು ಎತ್ತಿಕೊಂಡಳು. ಮಳೆಗಾಲದ ಆಟಿ ತಿಂಗಳು; ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ದಿನ. ಅವಳ ಅಣ್ಣ ರೋಹಿತನಿಗೆ ಇದು ಮೊದಲ ಎಲೆ.

“ಅಣ್ಣ ಸತ್ತದ್ದೇ ಇದರಿಂದ, ಮಾವ. ಇದನ್ನು ಇಡುವುದು ಬೇಡ.”

ಮಾವ ಗದರಲಿಲ್ಲ. “ಸತ್ತವರಿಗೆ ಇಷ್ಟ ಇದ್ದದ್ದನ್ನು ಇಡುವುದು ಕ್ರಮ ಅಲ್ವಾ? ನೀನು ಮಣಿಪಾಲದಲ್ಲಿ ಕುಡಿತ ಬಿಡಿಸಲಿಕ್ಕೆ ಕಲಿಯುವವಳು, ನಿನಗೆ ಬೇಜಾರಾಗ್ತದೆ, ಗೊತ್ತುಂಟು. ಅವನಿಗೆ ಬೇರೆ ಎಂತ ಇಷ್ಟ ಹೇಳು. ಅದನ್ನೇ ಇಡುವ.”

ವಿಜೇತಾ ಬಾಯಿ ತೆರೆದಳು. ಕೋಳಿ ಸುಕ್ಕ? ಅದು ಅಪ್ಪನಿಗೆ ಇಷ್ಟವಾಗಿತ್ತು. ಅಮ್ಮನ ಮುಖ ನೋಡಿದಳು. ಅಮ್ಮ ಸೌಟು ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ತರಬೇತಿಗೆ ಹೋಗುವ ಕೇಂದ್ರದಲ್ಲಿ ಅವಳು ಕುಡಿತ ಬಿಡಲು ಬಂದ ಪ್ರತಿಯೊಬ್ಬರಿಗೂ ಮೊದಲು ಕೇಳುವ ಪ್ರಶ್ನೆ ಅದೇ: ಕುಡಿಯುವುದು ಬಿಟ್ಟರೆ ನಿಮಗೆ ಬೇರೆ ಎಂತ ಇಷ್ಟ? ಕಾಪುವಿನ ಒಬ್ಬರಿಗೆ ಗಾಳ ಹಾಕುವುದು. ಕಾರ್ಕಳದ ಒಬ್ಬರಿಗೆ ಕೆಟ್ಟ ರೇಡಿಯೊ ಬಿಚ್ಚಿ ಸರಿಮಾಡುವುದು. ಯಾರ ಯಾರದೋ ಉತ್ತರಗಳು ಅವಳಿಗೆ ಬಾಯಿಪಾಠ.

ಬಡಿಸಿದ ಮೇಲೆ ಬಾಗಿಲು ಹಾಕಿಕೊಂಡು, ಸತ್ತವರು ಉಣ್ಣುವವರೆಗೆ ಹೊರಗೆ ಕಾಯಬೇಕು. ಮಾವ ಬಾಟಲಿಯನ್ನು ಅಲ್ಲೇ ಬಿಟ್ಟು ಜಗಲಿಗೆ ಹೋದರು. ಅವರ ಹಿಂದೆ ಅಮ್ಮನೂ ಹೋದಳು.

ವಿಜೇತಾ ತನ್ನ ಕೈಯಾರೆ ಗ್ಲಾಸು ತುಂಬಿಸಿ, ಅಣ್ಣನ ಎಲೆಯ ಬಲಕ್ಕೆ ಇಟ್ಟು, ಬಾಗಿಲು ಎಳೆದುಕೊಂಡಳು.